ಎರಡು ದಾರಿಗೆ ಒಂದು ಸೈಕಲ್: ಪರಿಮಾಣದ ಒಂದು ವಿಚಾರ

ಪರಿಗ್ರಹವನ್ನು ಮಿತಗೊಳಿಸಬೇಕೆಂಬ ಉಪದೇಶವನ್ನು ಕೇಳದ ಶ್ರಾವಕನಿಲ್ಲ, ಒಪ್ಪದವನೂ ವಿರಳ. ಆ ಉಪದೇಶವು ಮನೆಯ ಹೊಸ್ತಿಲು ದಾಟಿ ಒಳಬಂದು, ಯಾವುದೋ ಒಂದು ವಸ್ತುವಿನ ಮುಂದೆ ನಿಂತು, "ಇದು ಎಷ್ಟಿದ್ದರೆ ಸಾಕು?" ಎಂದು ಕೇಳಿದಾಗ ತೊಡಕು ಆರಂಭವಾಗುತ್ತದೆ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳ ವಿಷಯದಲ್ಲಿ ಲೆಕ್ಕ ಹಾಕುವ ಕ್ರಮವನ್ನು ಪೂರ್ವಾಚಾರ್ಯರು ತೋರಿಸಿಕೊಟ್ಟಿದ್ದಾರೆ. ಅವರ ಕಾಲದಲ್ಲಿ ಇಲ್ಲದಿದ್ದ ವಸ್ತುಗಳಿಗೆ ಆ ಕ್ರಮವನ್ನು ಅನ್ವಯಿಸಿಕೊಳ್ಳುವ ಹೊಣೆ ಇಂದಿನ ಗೃಹಸ್ಥನದು.

ಅಂಥ ವಸ್ತುಗಳಲ್ಲೊಂದು ಸೈಕಲ್. ಒಂದು ಕಾಲಕ್ಕೆ ಮನೆಗೊಂದಿದ್ದರೆ ಹೆಚ್ಚು ಎನ್ನುವಂತಿದ್ದ ಈ ವಾಹನವು ಇಂದು ಉಳ್ಳವರ ಮನೆಯಲ್ಲಿ ವ್ಯಾಯಾಮಕ್ಕೂ ವಿಹಾರಕ್ಕೂ ಸಾಧನವಾಗಿದೆ. ಡಾಂಬರು ರಸ್ತೆಗೊಂದು, ಕಲ್ಲುಮಣ್ಣಿನ ದಾರಿಗೊಂದು, ಪೇಟೆಯ ಓಡಾಟಕ್ಕೊಂದು ಎಂದು ಗೋಡೆಗೆ ಸಾಲಾಗಿ ತೂಗುಹಾಕುವ ರೂಢಿ ಹೊರದೇಶಗಳಲ್ಲಿ ಮೊದಲು ಬೆಳೆದು ನಮ್ಮ ನಗರಗಳಿಗೂ ಬಂದಿದೆ. ಸೈಕಲ್ ಸವಾರರ ನಡುವೆ ಒಂದು ವಿನೋದದ ಮಾತು ಬಹಳ ಪ್ರಚಲಿತ. ಒಬ್ಬನ ಬಳಿ ಇರಬೇಕಾದ ಸೈಕಲ್‌ಗಳ ಸರಿಯಾದ ಸಂಖ್ಯೆ ಯಾವುದು ಎಂದರೆ, ಈಗ ಎಷ್ಟಿವೆಯೋ ಅದಕ್ಕಿಂತ ಒಂದು ಹೆಚ್ಚು! ನಗೆಗಾಗಿ ಹೇಳಿದ ಮಾತಾದರೂ ಇಚ್ಛೆಯ ಸ್ವರೂಪವನ್ನು ಇದಕ್ಕಿಂತ ಚೊಕ್ಕವಾಗಿ ಹೇಳುವುದು ಕಷ್ಟ. ಇಚ್ಛೆಗೆ ಬೇಕಾದದ್ದು ಎಂದೂ ಇಂತಿಷ್ಟೆಂಬ ಸಂಖ್ಯೆಯಲ್ಲ; ಸದಾ ಇನ್ನೊಂದು.

ಈ ಮಾತಿಗೆ ಎದುರಾಗಿ ಕಳೆದ ಹದಿನೈದು ವರ್ಷಗಳಲ್ಲಿ ಒಂದು ಉತ್ತರ ಹುಟ್ಟಿಕೊಂಡಿದೆ. ಅದೇ ಗ್ರ್ಯಾವೆಲ್ ಬೈಕು, ಅಂದರೆ ಜಲ್ಲಿ ರಸ್ತೆಯ ಸೈಕಲ್. ರಸ್ತೆಗೂ ಕಚ್ಚಾ ದಾರಿಗೂ ಒಂದೇ ಸಾಕು ಎಂಬುದು ಅದರ ಪಕ್ಷದ ವಾದ. ಈ ವಾದವು ಕೇವಲ ಅನುಕೂಲದ ಮಾತೋ, ಮಿತವ್ಯಯದ ಮಾತೋ, ಅಥವಾ ಧರ್ಮಕ್ಕೆ ಸಂಬಂಧಿಸಿದ ಮಾತೋ? ತನ್ನ ಪಾಲಿಗೆ ಒಂದೇ ಸೈಕಲ್ ಎಂದು ಪರಿಮಾಣ ಮಾಡಿಕೊಂಡ ಗೃಹಸ್ಥನಿಗೆ ಅದು ನಿಜವಾಗಿ ಸಹಾಯಕವೇ? ಈ ಪ್ರಶ್ನೆ ಚಿಕ್ಕದಾಗಿ ಕಂಡರೂ ದೊಡ್ಡ ವ್ರತಗಳು ಪರೀಕ್ಷೆಗೆ ಒಳಗಾಗುವುದು ಇಂಥ ಚಿಕ್ಕ ವಸ್ತುಗಳ ಮುಂದೆಯೇ.

ವಸ್ತುವಿನ ಪರಿಚಯ

ರಸ್ತೆಯ ಓಟದ ಸೈಕಲ್ಲಿಗೆ ಕಿರಿದಾದ, ನುಣುಪಾದ ಟೈರು. 1990ರ ದಶಕದಲ್ಲಿ ಅದರ ಅಗಲ 23 ಮಿಲಿಮೀಟರ್ ಇರುವುದು ಸಾಮಾನ್ಯವಾಗಿತ್ತು. ಇಂದು 28 ಅಥವಾ 30 ಮಿ.ಮೀ.ಗೆ ಏರಿದೆ. ಬೆಟ್ಟದ ಸೈಕಲ್ 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಮರಿನ್ ಪ್ರಾಂತದ ಗುಡ್ಡಗಳಲ್ಲಿ ರೂಪುಗೊಂಡದ್ದು. ಅದರ ಟೈರು 55 ರಿಂದ 60 ಮಿ.ಮೀ. ಅಗಲವಿದ್ದು, ಮುಂದಿನ ಕವಲಿನಲ್ಲಿ ಆಘಾತವನ್ನು ನುಂಗುವ ಸ್ಪ್ರಿಂಗಿನ ಏರ್ಪಾಡು ಇರುತ್ತದೆ. ಗ್ರ್ಯಾವೆಲ್ ಬೈಕು ಇವೆರಡರ ನಡುವಿನದು. ರಸ್ತೆಯ ಸೈಕಲ್ಲಿನ ಬಾಗಿದ ಹ್ಯಾಂಡಲ್, ಸುಮಾರು 40 ಮಿ.ಮೀ. ಅಗಲದ ಟೈರು, ಹಗುರವಾದ ಗೇರು, ಡಿಸ್ಕ್ ಬ್ರೇಕು, ಸ್ವಲ್ಪ ನೀಳವಾದ ಚೌಕಟ್ಟು ಇದರ ಲಕ್ಷಣಗಳು.

ಇದರ ತವರು ಅಮೆರಿಕದ ಮಧ್ಯಪ್ರಾಂತ. ಕ್ಯಾನ್ಸಸ್ ರಾಜ್ಯದ ಫ್ಲಿಂಟ್ ಹಿಲ್ಸ್ ಎಂಬ ಗುಡ್ಡಸೀಮೆಯಲ್ಲಿ ಸುಣ್ಣಕಲ್ಲಿನ ನಡುವೆ ಚಕಮಕಿ ಕಲ್ಲು ತುಂಬಿರುವುದರಿಂದ ನೇಗಿಲು ಇಳಿಯಲಿಲ್ಲ. ಆ ಭೂಮಿ ಎತ್ತರದ ಹುಲ್ಲಿನ ಗೋಮಾಳವಾಗಿಯೇ ಉಳಿಯಿತು. ಅಲ್ಲಿನ ಹಳ್ಳಿಗಾಡಿನ ರಸ್ತೆಗಳಿಗೆ ಹಾಸಿರುವುದೂ ಅದೇ ಕಲ್ಲಿನ ಜಲ್ಲಿ. ಎಂಪೋರಿಯ ಎಂಬ ಊರಿನಿಂದ 2006ರಲ್ಲಿ ಕೆಲವೇ ಸವಾರರು ಈ ರಸ್ತೆಗಳಲ್ಲಿ 200 ಮೈಲಿ, ಅಂದರೆ ಸುಮಾರು 322 ಕಿಲೋಮೀಟರ್ ಓಟವನ್ನು ಆರಂಭಿಸಿದರು. ಇಂದು ಅನ್‌ಬೌಂಡ್ ಗ್ರ್ಯಾವೆಲ್ ಎಂಬ ಹೆಸರಿನಿಂದ ಅದು ಸಾವಿರಾರು ಜನರನ್ನು ಸೆಳೆಯುತ್ತದೆ. ಅಂಥ ಓಟಗಳಿಗೆಂದೇ ಕಾರ್ಖಾನೆಗಳು ಸೈಕಲ್ ತಯಾರಿಸತೊಡಗಿದವು. 2022ರಲ್ಲಿ ಇಟಲಿಯ ವೆನೆತೊ ಪ್ರಾಂತದಲ್ಲಿ ಇದರ ಮೊದಲ ವಿಶ್ವ ಸ್ಪರ್ಧೆಯೂ ನಡೆಯಿತು.

ಆದರೆ ಇದು ಹೊಸ ಆವಿಷ್ಕಾರವೆನ್ನುವುದಕ್ಕಿಂತ ಹಳೆಯದರ ಮರುಬಳಕೆ ಎನ್ನುವುದು ಹೆಚ್ಚು ಸರಿ. ಫ್ರಾನ್ಸಿನ ಸುತ್ತು ಓಟವು 1910ರಲ್ಲಿ ಪಿರನೀಸ್ ಪರ್ವತವನ್ನು ಮೊದಲ ಬಾರಿಗೆ ಏರಿದಾಗ ಅಲ್ಲಿದ್ದುದು ಮಣ್ಣು ಕಲ್ಲಿನ ಹಾದಿ. ಬ್ರಿಟನ್ನಿನಲ್ಲಿ 1955ರಲ್ಲಿ ಸ್ಥಾಪನೆಯಾದ ರಫ್ ಸ್ಟಫ್ ಫೆಲೋಶಿಪ್ ಎಂಬ ಸಂಘದ ಸದಸ್ಯರು ಸಾಮಾನ್ಯ ಪ್ರವಾಸಿ ಸೈಕಲ್‌ಗಳಲ್ಲಿಯೇ ಗುಡ್ಡದ ಕಾಲುದಾರಿಗಳನ್ನು ತುಳಿದರು. ಕನ್ನಡ ನಾಡಿನ ಓದುಗರಿಗಂತೂ ಇದರ ಹಿರಿಯ ಬಂಧು ಬಹಳ ಪರಿಚಿತ. ಹಳ್ಳಿ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಕಿರಾಣಿ ಚೀಲಗಳನ್ನು ಹೊತ್ತ ಕಪ್ಪು ಬಣ್ಣದ ಸೈಕಲ್ಲಿನ ಟೈರು 28 ಅಂಗುಲ ಎತ್ತರ, ಒಂದೂವರೆ ಅಂಗುಲ ಅಗಲ. ಒಂದೂವರೆ ಅಂಗುಲವೆಂದರೆ 38 ಮಿ.ಮೀ.; ಇಂದಿನ ಗ್ರ್ಯಾವೆಲ್ ಟೈರಿನ ಅಗಲವೂ ಹೆಚ್ಚು ಕಡಿಮೆ ಅಷ್ಟೇ. ಗದ್ದೆಯ ಬದುವಿನ ಮೇಲೂ ಪೇಟೆಯ ರಸ್ತೆಯ ಮೇಲೂ ಓಡಿದ್ದು ಆ ಒಂದೇ ಗಾಡಿ. ಗೇರಿಲ್ಲದ, ಮಳೆಯಲ್ಲಿ ಸರಿಯಾಗಿ ಹಿಡಿಯದ ರಾಡ್ ಬ್ರೇಕಿನ ಆ ಸೈಕಲ್ಲಿನ ಕಷ್ಟವನ್ನು ಮರೆಮಾಚಬೇಕಾಗಿಲ್ಲ. ಎರಡು ದಾರಿಗೆ ಒಂದೇ ಗಾಡಿ ಎಂಬ ಕಲ್ಪನೆ ನಮಗೆ ಹೊಸದಲ್ಲವೆಂಬುದಷ್ಟೇ ಇಲ್ಲಿ ಪ್ರಸ್ತುತ.

ನಷ್ಟದ ಲೆಕ್ಕ

ಒಂದರಿಂದ ಎರಡು ಕೆಲಸ ಮಾಡಿಸಿದಾಗ ಎರಡೂ ಕಡೆ ಏನೋ ಕಳೆದುಹೋಗುತ್ತದೆ. ಆ ನಷ್ಟವನ್ನು ಪ್ರಾಮಾಣಿಕವಾಗಿ ಬರೆದಿಡದೆ ಮಾಡಿದ ನಿರ್ಣಯವು ಖರ್ಚಿನ ಕಡೆಯನ್ನು ಬಿಟ್ಟು ಬರೆದ ಖಾತೆಯಂತೆ.

ಮೊದಲು ವೇಗ. 46 ಹಲ್ಲಿನ ಮುಂದಿನ ಚಕ್ರ, 11 ಹಲ್ಲಿನ ಹಿಂದಿನ ಚಕ್ರ ಇರುವ ಗ್ರ್ಯಾವೆಲ್ ಬೈಕಿನಲ್ಲಿ 40 ಮಿ.ಮೀ. ಟೈರಿನ ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್. ನಿಮಿಷಕ್ಕೆ 90 ಬಾರಿ ಪೆಡಲ್ ತಿರುಗಿಸಿದರೆ ವೇಗ ಗಂಟೆಗೆ ಸುಮಾರು 50 ಕಿ.ಮೀ. ರಸ್ತೆಯ ಸೈಕಲ್ಲಿನಲ್ಲಿ ಮುಂದೆ 50 ಹಲ್ಲು, ಹಿಂದೆ 11 ಹಲ್ಲು ಇದ್ದರೆ ಅದೇ ತಿರುಗಾಟಕ್ಕೆ ಸುಮಾರು 52 ಕಿ.ಮೀ. ಸಮತಟ್ಟಿನಲ್ಲಿ 50 ಕಿ.ಮೀ. ವೇಗವನ್ನು ಉಳಿಸಿಕೊಳ್ಳುವ ಗೃಹಸ್ಥರು ಎಷ್ಟು ಮಂದಿ? ಇಲ್ಲಿ ಕಳೆದುಕೊಳ್ಳುವುದು ಬಹುತೇಕರು ಎಂದೂ ಬಳಸದ ಶಕ್ತಿಯನ್ನು. ಪ್ರತಿಯಾಗಿ ಏರಿನಲ್ಲಿ ಲಾಭವಿದೆ. ಮುಂದೆ 30, ಹಿಂದೆ 34 ಹಲ್ಲಿನ ಜೋಡಣೆಯಲ್ಲಿ ಪೆಡಲಿನ ಒಂದು ಸುತ್ತಿಗೆ ಗಾಡಿ ಸುಮಾರು 1.95 ಮೀಟರ್ ಮಾತ್ರ ಸರಿಯುತ್ತದೆ. ರಸ್ತೆಯ ಸೈಕಲ್ಲಿನ 34ಕ್ಕೆ 30ರ ಜೋಡಣೆಯಲ್ಲಿ 2.4 ಮೀಟರ್. ಅರವತ್ತು ದಾಟಿದ ಮೊಣಕಾಲಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಎರಡನೆಯದು ತೂಕ. ಗ್ರ್ಯಾವೆಲ್ ಬೈಕು ಒಂದು ಕಿಲೋ ಹೆಚ್ಚು ತೂಗುತ್ತದೆ ಎಂದಿಟ್ಟುಕೊಳ್ಳೋಣ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ಇದ್ದರೆ ಈ ಒಂದು ಕಿಲೋ ಶೇಕಡಾ 1.25. ಒಂದು ಗಂಟೆಯ ಕಡಿದಾದ ಏರಿನಲ್ಲಿ ತಗಲುವ ಹೆಚ್ಚುವರಿ ಸಮಯ ಮುಕ್ಕಾಲು ನಿಮಿಷ. ಸಮತಟ್ಟಿನ ವೇಗದ ಓಟದಲ್ಲಿ ಸವಾರನನ್ನು ತಡೆಯುವುದು ಮುಖ್ಯವಾಗಿ ಗಾಳಿಯೇ ಹೊರತು ತೂಕವಲ್ಲ. ಕಿರಿದಾದ ಗಟ್ಟಿ ಟೈರೇ ಎಲ್ಲೆಡೆ ವೇಗವಾದದ್ದು ಎಂಬ ಹಳೆಯ ನಂಬಿಕೆಯೂ ಈಗ ಸಡಿಲಗೊಂಡಿದೆ. ಒರಟು ನೆಲದಲ್ಲಿ ಗಟ್ಟಿ ಟೈರು ಗಾಡಿಯನ್ನೂ ಸವಾರನನ್ನೂ ಕುಲುಕಿ ಶಕ್ತಿಯನ್ನು ಪೋಲು ಮಾಡುತ್ತದೆ. ಕಡಿಮೆ ಗಾಳಿ ತುಂಬಿದ ಅಗಲ ಟೈರು ಕಲ್ಲಿನ ಮೇಲೆ ಬಾಗಿ ಹಾದುಹೋಗುತ್ತದೆ.

ಹೀಗೆ ಡಾಂಬರಿನ ಮೇಲಿನ ನಷ್ಟವೆಂದರೆ ಕೆಲವು ನಿಮಿಷ. ಆದರೂ ಅದು ಮನಸ್ಸಿಗೆ ದೊಡ್ಡದಾಗಿ ಕಾಣುವುದೇಕೆ? ಗೆಳೆಯರ ಗುಂಪು ಮುಂದೆ ಸಾಗಿ ತಾನು ಹಿಂದುಳಿದಾಗ ನೋಯುವುದು ಕಾಲಲ್ಲ, ಮಾನಕಷಾಯ. ಫ್ರಾನ್ಸಿನ ಸೇಂತ್ ಎತಿಯೆನ್ ನಗರದ ಪಾಲ್ ದ ವಿವೀ (1853-1930) ಇಲ್ಲಿ ಸ್ಮರಣೀಯ. ರೇಷ್ಮೆ ವರ್ತಕನಾಗಿದ್ದ ಈತ ವ್ಯಾಪಾರವನ್ನು ಬಿಟ್ಟು ಸೈಕಲ್ಲಿಗೆ ಜೀವನವನ್ನು ಮುಡಿಪಿಟ್ಟ. 1887ರಲ್ಲಿ ಒಂದು ಸೈಕಲ್ ಪತ್ರಿಕೆಯನ್ನು ಆರಂಭಿಸಿ ವೆಲೋಸಿಯೋ ಎಂಬ ಹೆಸರಿನಿಂದ ಪ್ರಸಿದ್ಧನಾದ. ಸಸ್ಯಾಹಾರಿ. ಬದಲಾಯಿಸಬಹುದಾದ ಗೇರುಗಳನ್ನು ಬಳಸುವುದು ದುರ್ಬಲರ ಲಕ್ಷಣವೆಂದು ಓಟದ ವ್ಯವಸ್ಥಾಪಕರು ಹೀಯಾಳಿಸುತ್ತಿದ್ದ ಕಾಲದಲ್ಲಿ, ಸಾಮಾನ್ಯ ಮನುಷ್ಯನಿಗೆ ಅವು ಬೇಕೆಂದು ಪ್ರತಿಪಾದಿಸಿದ. ಫ್ರಾನ್ಸಿನ ಸುತ್ತು ಓಟದಲ್ಲಿ ಅವುಗಳಿಗೆ ಅನುಮತಿ ದೊರೆತದ್ದು 1937ರಲ್ಲಿ, ಆತ ತೀರಿಕೊಂಡು ಏಳು ವರ್ಷಗಳ ಬಳಿಕ. ಸವಾರರಿಗೆ ಆತ ಕೊಟ್ಟ ಬುದ್ಧಿಮಾತುಗಳಲ್ಲಿ ಒಂದರ ತಾತ್ಪರ್ಯ, ಪ್ರತಿಷ್ಠೆಗಾಗಿ ಎಂದೂ ಪೆಡಲ್ ತುಳಿಯಬಾರದು ಎಂಬುದು. ಎರಡನೆಯ ಸೈಕಲ್ಲಿನ ಬೇಡಿಕೆಯಲ್ಲಿ ಎಷ್ಟು ಪಾಲು ದಾರಿಯದು, ಎಷ್ಟು ಪಾಲು ಪ್ರತಿಷ್ಠೆಯದು ಎಂದು ಬೇರ್ಪಡಿಸಿ ನೋಡುವುದೇ ಇಲ್ಲಿನ ಮೊದಲ ಹೆಜ್ಜೆ.

ಪೂರ್ವಪಕ್ಷ

ಇದಕ್ಕೆ ಎರಡು ಆಕ್ಷೇಪಗಳು ಏಳುತ್ತವೆ. ಎರಡೂ ತೂಕವುಳ್ಳವು.

ಮೊದಲನೆಯದು: ಪ್ರತಿ ಕೆಲಸಕ್ಕೂ ತಕ್ಕ ಸಲಕರಣೆ ಇರಬೇಕು, ಬಡಗಿಯು ಉಳಿಯಿಂದಲೇ ಗರಗಸದ ಕೆಲಸವನ್ನೂ ಮಾಡಲಾರ. ಬಂಡೆ, ಬೇರು, ಕೊರಕಲುಗಳಿಂದ ತುಂಬಿದ ಇಳಿಜಾರಿನಲ್ಲಿ ಸ್ಪ್ರಿಂಗಿಲ್ಲದ, 40 ಮಿ.ಮೀ. ಟೈರಿನ ಗಾಡಿಯನ್ನು ನುಗ್ಗಿಸಿದರೆ ಮುರಿಯುವುದು ಪ್ರತಿಷ್ಠೆಯಲ್ಲ, ಮೂಳೆ. ವ್ರತದ ಹೆಸರಿನಲ್ಲಿ ದೇಹವನ್ನು ಅಪಾಯಕ್ಕೆ ಒಡ್ಡುವುದು ವಿವೇಕವೇ?

ಇದರಲ್ಲಿ ಸತ್ಯವಿದೆ. ಆದರೆ ಈ ಆಕ್ಷೇಪದಿಂದ ಎರಡು ಸೈಕಲ್ ಬೇಕೇ ಬೇಕು ಎಂದು ಸಿದ್ಧವಾಗುವುದಿಲ್ಲ. ಒಂದು ಎಂದರೆ ಗ್ರ್ಯಾವೆಲ್ ಬೈಕೇ ಆಗಬೇಕೆಂಬ ನಿಯಮವೇನಿಲ್ಲ. ಹತ್ತು ಸವಾರಿಗಳಲ್ಲಿ ಎಂಟು ಬೆಟ್ಟದ ಬಂಡೆಗಳ ಮೇಲಿದ್ದರೆ ಆ ಸವಾರನ ಒಂದು ಸೈಕಲ್ ಬೆಟ್ಟದ ಸೈಕಲ್ಲೇ ಆಗಿರಲಿ. ಡಾಂಬರಿನ ಮೇಲೆ ನಿಧಾನವಾಗಿ ಹೋಗಲಿ. ಹತ್ತರಲ್ಲಿ ಎಂಟು ನುಣುಪು ರಸ್ತೆಯ ಮೇಲಿದ್ದರೆ ರಸ್ತೆಯ ಸೈಕಲ್ಲೇ ಸಾಕು. ಉಳಿದೆರಡು ಕಡೆ ಅಗತ್ಯ ಬಿದ್ದಾಗ ಇಳಿದು ನಡೆಯಲಿ. ಎರಡೂ ಬೆರೆತ ಬದುಕಿನವನಿಗೆ ಮಾತ್ರ ನಡುವಿನ ಗಾಡಿ ಒಪ್ಪುತ್ತದೆ. ಮಿತಿ ಮೊದಲು, ವಸ್ತು ಆಮೇಲೆ. ಒಂದು ವಸ್ತುವಿನ ಜೊತೆಗೆ ಅದರ ಅಸಾಮರ್ಥ್ಯವನ್ನೂ ಸ್ವೀಕರಿಸಿದವನು ಕಷ್ಟದ ಇಳಿಜಾರಿನಲ್ಲಿ ಇಳಿದು ನಡೆಯುತ್ತಾನೆ. ಅದನ್ನು ಸ್ವೀಕರಿಸದವನು ಬೀಳುತ್ತಾನೆ, ಇಲ್ಲವೇ ಇನ್ನೊಂದನ್ನು ಕೊಳ್ಳುತ್ತಾನೆ.

ಎರಡನೆಯ ಆಕ್ಷೇಪ ಇನ್ನೂ ಹರಿತವಾದದ್ದು: ಇದೆಲ್ಲ ಉಳ್ಳವರ ಸರಳತೆ. ಬೆಲೆಬಾಳುವ ಒಂದು ಸೈಕಲ್ಲನ್ನು ಕೊಂಡು ಎರಡನೆಯದನ್ನು ಬಿಟ್ಟೆನೆಂದು ಹೇಳಿಕೊಳ್ಳುವವನಿಗಿಂತ, ಹಾಲಿನ ಕ್ಯಾನು ಹೊತ್ತ ಹಳ್ಳಿಯ ಸವಾರ ಹೆಚ್ಚಿನ ಅಪರಿಗ್ರಹಿಯಲ್ಲವೇ?

ಇಲ್ಲಿ ಒಂದು ವಿವೇಚನೆ ಅಗತ್ಯ. ಕೊಳ್ಳಲಾಗದೆ ಒಂದೇ ಇಟ್ಟುಕೊಂಡಿರುವುದು ಅಭಾವ. ಕೊಳ್ಳಬಲ್ಲವನಾಗಿಯೂ ಒಂದಕ್ಕೆ ನಿಲ್ಲುವುದು ವ್ರತ. ಅಭಾವವನ್ನು ವ್ರತವೆಂದು ಹೊಗಳುವುದು ಬಡವನಿಗೆ ಮಾಡುವ ಉಪಕಾರವಲ್ಲ. ಅವನ ಕಷ್ಟವನ್ನು ಅಲಂಕರಿಸಿದಂತೆ. ಹಾಗೆಯೇ ಏನೂ ಕಳೆದುಕೊಳ್ಳದೆ ಇಟ್ಟುಕೊಂಡ ಮಿತಿಯನ್ನು ಮಿತಿ ಎನ್ನಲಾಗದು. ಎರಡನೆಯದನ್ನು ಬಿಟ್ಟದ್ದರಿಂದ ಉಳಿದ ಹಣವು ಮೊದಲನೆಯದರ ಬೆಲೆಯಲ್ಲಿಯೇ ಕರಗಿಹೋದರೆ ಎಣಿಕೆ ಇಳಿಯಿತೇ ಹೊರತು ಪರಿಗ್ರಹ ಇಳಿಯಲಿಲ್ಲ. ಆದ್ದರಿಂದ ಈ ಆಕ್ಷೇಪವು ಒಂದೇ ಸೈಕಲ್ ಎಂಬ ನಿರ್ಣಯವನ್ನು ಖಂಡಿಸುವುದಿಲ್ಲ. ಅದಕ್ಕೆ ಬೆಲೆಯ ಮಿತಿಯನ್ನೂ ಸೇರಿಸಬೇಕೆಂದು ಎಚ್ಚರಿಸುತ್ತದೆ.

ಗೋಡೆ ಒಡೆದು ಒಂದು ಮಾಡಿದ ಮನೆ

ಈಗ ಮುಖ್ಯ ತೊಡಕಿಗೆ ಬರಬೇಕು. ಗ್ರ್ಯಾವೆಲ್ ಬೈಕಿನ ಪಕ್ಷದವರು ಹೇಳುವ ಒಂದು ಉಪಾಯವಿದೆ. ಸೈಕಲ್ ಒಂದೇ ಇರಲಿ; ಗಾಲಿ ಮಾತ್ರ ಎರಡು ಜೊತೆ ಇರಲಿ. ರಸ್ತೆಗೆ 622 ಮಿ.ಮೀ. ವ್ಯಾಸದ ರಿಮ್ಮಿನ ಮೇಲೆ 28 ಮಿ.ಮೀ. ಟೈರು, ಕಚ್ಚಾ ದಾರಿಗೆ 584 ಮಿ.ಮೀ. ರಿಮ್ಮಿನ ಮೇಲೆ 47 ಮಿ.ಮೀ. ಟೈರು. ಲೆಕ್ಕ ಹಾಕಿದರೆ ಎರಡರ ಹೊರ ವ್ಯಾಸವೂ 678 ಮಿ.ಮೀ. ಆಗುವುದರಿಂದ ಗಾಡಿಯ ಎತ್ತರ ಬದಲಾಗುವುದಿಲ್ಲ. ಡಿಸ್ಕ್ ಬ್ರೇಕು ರಿಮ್ಮನ್ನು ಹಿಡಿಯುವುದಿಲ್ಲವಾದ್ದರಿಂದ ರಿಮ್ಮಿನ ಅಳತೆ ಬೇರೆಯಾದರೂ ಅಡ್ಡಿಯಿಲ್ಲ. ಕೆಲವೇ ನಿಮಿಷಗಳಲ್ಲಿ ಗಾಲಿ ಬದಲಾಯಿಸಿ ಒಂದೇ ಗಾಡಿಯನ್ನು ಎರಡು ಗಾಡಿಯನ್ನಾಗಿ ಮಾಡಿಕೊಳ್ಳಬಹುದು. ಯಂತ್ರಶಾಸ್ತ್ರದ ದೃಷ್ಟಿಯಿಂದ ಇದು ಜಾಣತನದ ಏರ್ಪಾಡೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಒಂದೇ ಸೈಕಲ್ ಎಂದು ಪರಿಮಾಣ ಮಾಡಿಕೊಂಡ ಶ್ರಾವಕನು ಎರಡನೆಯ ಜೊತೆ ಗಾಲಿಯನ್ನು ತಂದರೆ ಅದು ವ್ರತಕ್ಕೆ ಅತಿಚಾರವೇ?

ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಚೌಲುಕ್ಯ ದೊರೆ ಕುಮಾರಪಾಲನಿಗಾಗಿ ರಚಿಸಿದ ಯೋಗಶಾಸ್ತ್ರದಲ್ಲಿ ಪರಿಗ್ರಹ ಪರಿಮಾಣದ ಅತಿಚಾರಗಳನ್ನು ವಿವರಿಸುವಾಗ ಮನುಷ್ಯನ ಮನಸ್ಸಿನ ಇಂಥ ಜಾಣತನವನ್ನೇ ಹಿಡಿದು ತೋರಿಸಿದ್ದಾರೆ. ಅವುಗಳಲ್ಲಿ 'ಯೋಜನ' ಎಂಬುದೊಂದು. ಒಂದೇ ಮನೆ ಎಂದು ವ್ರತ ಹಿಡಿದವನು ಪಕ್ಕದ ಮನೆಯನ್ನೂ ಕೊಳ್ಳುತ್ತಾನೆ. ನಡುವಿನ ಗೋಡೆಯನ್ನು ಒಡೆದು ಈಗಲೂ ತನ್ನದು ಒಂದೇ ಮನೆ ಎನ್ನುತ್ತಾನೆ. ಎರಡು ಹೊಲಗಳ ನಡುವಿನ ಬದುವನ್ನು ಅಳಿಸಿ ಒಂದೇ ಹೊಲ ಎನ್ನುತ್ತಾನೆ. 'ಭಾವ' ಎಂಬುದು ಇನ್ನೊಂದು: ಪಾತ್ರೆಗಳ ಸಂಖ್ಯೆ ಮೀರದಂತೆ ಎರಡನ್ನು ಕರಗಿಸಿ ಒಂದು ದೊಡ್ಡ ಪಾತ್ರೆ ಮಾಡಿಸುವುದು. ಇಲ್ಲಿ ಸಂಖ್ಯೆ ಮುರಿದಿಲ್ಲವಾದ್ದರಿಂದ ಪೂರ್ಣ ವ್ರತಭಂಗವೆನ್ನಲಾಗದು. ಆದರೆ ಸಂಖ್ಯೆಯನ್ನು ಯಾವ ಉದ್ದೇಶಕ್ಕಾಗಿ ಇಟ್ಟುಕೊಂಡಿತ್ತೋ ಅದು ಮುರಿದಿದೆ. ಅಕ್ಷರವನ್ನು ಉಳಿಸಿ ಅರ್ಥವನ್ನು ಕಳೆಯುವುದೇ ಅತಿಚಾರ. ಒಂದು ಸಭಾಭವನ ಸಾಕೆಂದು ನಿರ್ಣಯ ಬರೆದು ಪ್ರತಿ ವರ್ಷ ಅದಕ್ಕೇ ಕೊಠಡಿಗಳನ್ನು ಸೇರಿಸುತ್ತಾ ಹೋಗುವ ಸಂಸ್ಥೆಗಳಿಗೂ ಈ ಮಾತು ಸಲ್ಲುತ್ತದೆ.

ಈ ಬೆಳಕಿನಲ್ಲಿ ನೋಡಿದರೆ ಒಂದು ಚೌಕಟ್ಟು, ನಾಲ್ಕು ಜೊತೆ ಗಾಲಿ, ಏಳು ಜೊತೆ ಟೈರು ಇಟ್ಟುಕೊಂಡವನ ಸೈಕಲ್, ಗೋಡೆ ಒಡೆದು ಒಂದು ಮಾಡಿದ ಮನೆಯೇ ಸರಿ. ಹಾಗೆಂದು ಎರಡನೆಯ ಜೊತೆ ಗಾಲಿ ಎಲ್ಲ ಸಂದರ್ಭಗಳಲ್ಲಿಯೂ ದೋಷವೆನ್ನುವುದು ಅವಸರದ ತೀರ್ಮಾನ. ಇಲ್ಲಿ ನಿರ್ಣಾಯಕವಾದದ್ದು ಎಣಿಕೆಯ ಕಾಲ. ನಿಯಮ ಸ್ವೀಕರಿಸುವಾಗಲೇ "ಒಂದು ಸೈಕಲ್, ಎರಡು ಜೊತೆ ಗಾಲಿ" ಎಂದು ಬಿಡಿಸಿ ಬರೆದುಕೊಂಡವನಿಗೆ ಅದು ಪರಿಮಾಣದ ಒಳಗಿನ ವಸ್ತು. ಒಂದೇ ಎಂದು ಬರೆದು, ಆಸೆ ಹುಟ್ಟಿದ ಮೇಲೆ ಗಾಲಿಯನ್ನು ಸೈಕಲ್ಲಿನ ಲೆಕ್ಕಕ್ಕೆ ಸೇರಿಸದೆ ಜಾರಿಸಿದವನಿಗೆ ಅದು ಅತಿಚಾರ. ವಸ್ತು ಒಂದೇ, ಬೆಲೆಯೂ ಒಂದೇ. ಒಬ್ಬನಲ್ಲಿ ಮಿತಿಯು ಆಸೆಗಿಂತ ಮುಂಚೆ ಬಂದಿದೆ, ಇನ್ನೊಬ್ಬನಲ್ಲಿ ಆಸೆಯ ಬೆನ್ನುಹತ್ತಿ ಬಂದಿದೆ. ಸವೆದ ಟೈರಿನ ಬದಲಿಗೆ ತಂದ ಹೊಸ ಟೈರಿಗೂ, ಇರುವ ಟೈರು ಸವೆಯುವ ಮೊದಲೇ ತಂದ ಹೊಸ ನಮೂನೆಯ ಟೈರಿಗೂ ಇದೇ ವ್ಯತ್ಯಾಸ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತದ ಅತಿಚಾರಗಳಲ್ಲಿ ಅತಿವಾಹನವನ್ನೂ ವಿಸ್ಮಯವನ್ನೂ ಸೇರಿಸಿದ್ದಾರೆ. ವಾಹಕ ಪ್ರಾಣಿಗಳನ್ನು ಲೋಭದಿಂದ ಶಕ್ತಿ ಮೀರಿ ನಡೆಸುವುದು ಎಂದು ಅತಿವಾಹನಕ್ಕೆ ವ್ಯಾಖ್ಯಾನವುಂಟು. ಅಗತ್ಯ ಮೀರಿ ವಾಹನಗಳನ್ನು ಇಟ್ಟುಕೊಳ್ಳುವುದು ಎಂಬ ವಿವರಣೆಯೂ ಪ್ರಚಲಿತ. ವಿಸ್ಮಯವೆಂದರೆ ಇತರರ ಸಂಪತ್ತನ್ನು ಕಂಡು ಬೆರಗಾಗುವುದು. ವ್ಯಾಪಾರದ ಮರ್ಮ ಬಲ್ಲವರಿಗೆ ಈ ಎರಡನೆಯದರ ಬಲ ಚೆನ್ನಾಗಿ ಗೊತ್ತು. ಎಲ್ಲ ದಾರಿಗೂ ಒಂದೇ ಸಾಕು ಎಂದು ಹೇಳಿ ಗ್ರ್ಯಾವೆಲ್ ಬೈಕನ್ನು ಮಾರಿದ ಪೇಟೆಯೇ ಕೆಲವೇ ವರ್ಷಗಳಲ್ಲಿ ಅದನ್ನು ಮತ್ತೆ ಹೋಳು ಮಾಡಿತು: ಓಟಕ್ಕೆ ಒಂದು ಬಗೆಯ ಗ್ರ್ಯಾವೆಲ್ ಬೈಕು, ಹೊರೆ ಹೊತ್ತ ದೂರದ ಪ್ರವಾಸಕ್ಕೆ ಇನ್ನೊಂದು, ಮುಂಗವಲಿನಲ್ಲಿ ಸ್ಪ್ರಿಂಗ್ ಉಳ್ಳದ್ದು ಮಗುದೊಂದು. ಎರಡನ್ನು ಒಂದು ಮಾಡಲು ಬಂದ ವಸ್ತು ತಾನೇ ಮೂರಾಯಿತು. ಇದಕ್ಕಾಗಿ ವರ್ತಕನನ್ನು ದೂರುವುದರಿಂದ ಫಲವಿಲ್ಲ. ಅವನು ಬೇಡಿಕೆಗೆ ತಕ್ಕಂತೆ ದಾಸ್ತಾನು ಇಡುತ್ತಾನೆ. ಯಾವ ವಸ್ತುವೂ ಕೊಳ್ಳುವವನ ಪರವಾಗಿ ವ್ರತವನ್ನು ಪಾಲಿಸಲಾರದು ಎಂಬುದು ಇಲ್ಲಿನ ಪಾಠ.

ಹೋಗಬಲ್ಲ ದಾರಿ, ಹೋಗಬಹುದಾದ ದಾರಿ

ಎಲ್ಲೆಂದರಲ್ಲಿ ಹೋಗಬಹುದು ಎಂಬುದು ಈ ಸೈಕಲ್ಲಿನ ದೊಡ್ಡ ಆಕರ್ಷಣೆ. ಪರಿಗ್ರಹದ ಮಿತಿಯ ಜೊತೆಗೆ ದಿಕ್ಕಿನ ಮಿತಿಯನ್ನೂ ಹೇಳಿದ ಪರಂಪರೆಗೆ ಇದು ವಿಚಾರಣೀಯ. ಒಂದು ವಸ್ತುವಿಗೆ ಸಾಮರ್ಥ್ಯ ಹೆಚ್ಚಿದಂತೆ ಅದರ ಒಡೆಯನ ಸಂಯಮವೂ ಹೆಚ್ಚಬೇಕಾಗುತ್ತದೆ. ಡಾಂಬರನ್ನು ಬಿಡಲಾರದ ಗಾಡಿಗೆ ಡಾಂಬರೇ ಬೇಲಿ. ಎಲ್ಲೆಡೆ ಹೋಗಬಲ್ಲ ಗಾಡಿಗೆ ಸವಾರನ ವಿವೇಕವೊಂದೇ ಬೇಲಿ.

ಒದ್ದೆ ಮಣ್ಣಿನ ದಾರಿಯಲ್ಲಿ ಗಾಲಿ ಹೂತು ಎಳೆದ ಗೆರೆಯಲ್ಲಿ ಮುಂದಿನ ಮಳೆಯ ನೀರು ಹರಿಯುತ್ತದೆ, ಗೆರೆ ಕೊರಕಲಾಗುತ್ತದೆ. ಮಳೆಗಾಲದ ಹುಲ್ಲಿನಲ್ಲಿ, ತರಗೆಲೆಯಲ್ಲಿ, ಹಸಿ ನೆಲದಲ್ಲಿ ಇರುವ ಜೀವರಾಶಿಯ ವಿಷಯವನ್ನು ಈ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮುನಿಗಳು ನಾಲ್ಕು ತಿಂಗಳು ವಿಹಾರವನ್ನೇ ನಿಲ್ಲಿಸುವ ಋತುವಿನಲ್ಲಿ ಗೃಹಸ್ಥನು ವಿನೋದಕ್ಕಾಗಿ ಕಾಡುದಾರಿಯನ್ನು ತುಳಿಯದಿರುವುದು ದೊಡ್ಡ ತ್ಯಾಗವೇನಲ್ಲ. ಎರಡು ದಾರಿಗೂ ಸಲ್ಲುವ ಒಂದೇ ಗಾಡಿ ಉಳ್ಳವನಿಗೆ ಇಲ್ಲಿ ಒಂದು ಸೌಕರ್ಯವಿದೆ. ಮಳೆ ಬಂದಾಗ ಅವನು ಸವಾರಿಯನ್ನು ನಿಲ್ಲಿಸಬೇಕಾಗಿಲ್ಲ. ಅದೇ ಗಾಡಿಯಲ್ಲಿ ಗಟ್ಟಿ ರಸ್ತೆಗೆ ತಿರುಗಿದರೆ ಸಾಕು. ಕಾಡುದಾರಿಗೆಂದೇ ಒಂದನ್ನು ಕೊಂಡವನಿಗೆ ಅದು ಸುಮ್ಮನೆ ನಿಂತಿದೆಯಲ್ಲಾ ಎಂಬ ಚಡಪಡಿಕೆ ಕಾಡುತ್ತದೆ. ವಸ್ತು ಒಡೆಯನನ್ನು ನಡೆಸುವ ಬಗೆ ಇದು.

ಪ್ರಕೃತಿಯೂ ಆಗಾಗ ಈ ಪಾಠವನ್ನು ಕಲಿಸುತ್ತದೆ. ಮೇಲೆ ಹೇಳಿದ ಕ್ಯಾನ್ಸಸ್ ಓಟದಲ್ಲಿ 2023ರಲ್ಲಿ ಮಳೆಯಿಂದ ನೆನೆದ ದಾರಿಯ ಒಂದು ಭಾಗವು ಆರಂಭದಲ್ಲಿಯೇ ಎದುರಾಯಿತು. ಅಂಟು ಮಣ್ಣು ಟೈರಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ತುಂಬಿ ಗಾಲಿ ತಿರುಗದಂತಾಯಿತು. ಚೈನು, ಗೇರುಗಳಲ್ಲಿ ಮಣ್ಣು ಸಿಕ್ಕಿ ಹಲವರ ಗಾಡಿ ಮುರಿಯಿತು. ಎಲ್ಲ ದಾರಿಗೂ ಸಲ್ಲುವುದೆಂದು ಹೆಸರಾದ ಸೈಕಲ್ಲನ್ನು ಸವಾರರು ಹೆಗಲ ಮೇಲೆ ಹೊತ್ತು ನಡೆದರು. ಅಂದು ಮುಂದೆ ಸಾಗಿದವರು ಗಾಡಿಯನ್ನು ನೂಕದೆ ಹುಲ್ಲಿನಂಚಿನಲ್ಲಿ ಹೊತ್ತು ನಡೆದವರು, ನಿಂತು ಮಣ್ಣನ್ನು ಕೆರೆದು ತೆಗೆದವರು. ವಸ್ತುವಿನ ಮಿತಿಯನ್ನು ಬಲ್ಲವನಿಗೆ ಆ ವಸ್ತು ಕೊನೆಯವರೆಗೂ ಬಾಳಿಕೆ ಬರುತ್ತದೆ.

ನಿಯಮದ ಕ್ರಮ

ಹಾಗಾದರೆ ಗೃಹಸ್ಥನು ಏನು ಮಾಡಬೇಕು? ವಾಹನವು ಮತ್ತೆ ಮತ್ತೆ ಬಳಸುವ ವಸ್ತುವಾದ್ದರಿಂದ ಉಪಭೋಗದ ವರ್ಗಕ್ಕೆ ಸೇರುತ್ತದೆ. ಭೋಗೋಪಭೋಗಗಳ ಮಿತಿಯಲ್ಲಿ ಆಜೀವ ಪರ್ಯಂತದ ಯಮ, ಕಾಲಾವಧಿಯ ನಿಯಮ ಎಂದು ಎರಡು ಬಗೆಯನ್ನು ಸಮಂತಭದ್ರರು ಹೇಳಿ, ನಿಯಮವನ್ನು ಒಂದು ದಿನಕ್ಕೋ ಪಕ್ಷಕ್ಕೋ ಮಾಸಕ್ಕೋ ಋತುವಿಗೋ ಹಿಡಿಯಲು ಅವಕಾಶವಿತ್ತಿದ್ದಾರೆ. ಇದು ಬಹಳ ವ್ಯಾವಹಾರಿಕವಾದ ದಾರಿ. ಎರಡು ಸೈಕಲ್ ಇರುವವನು ಅವಸರದಿಂದ ಒಂದನ್ನು ಮಾರಬೇಕಾಗಿಲ್ಲ. ಒಂದು ಋತುವಿನ ಕಾಲ ಒಂದನ್ನು ಮಾತ್ರ ಬಳಸುವ ನಿಯಮ ಹಿಡಿಯಲಿ. ಎಷ್ಟು ಸಲ ಹೊರಟಿತು, ಯಾವ ದಾರಿಯಲ್ಲಿ, ಎಲ್ಲಿ ನಿಜವಾದ ಕೊರತೆಯಾಯಿತು, ಎಲ್ಲಿ ಪ್ರತಿಷ್ಠೆಗೆ ಮಾತ್ರ ಕೊರತೆಯಾಯಿತು ಎಂಬುದನ್ನು ಬರೆದಿಡಲಿ. ಋತು ಮುಗಿದಾಗ ಆ ಪುಟವೇ ಉತ್ತರ ಹೇಳುತ್ತದೆ. ನಿಜವಾದ ಕೊರತೆ ಕಂಡವನು ಎರಡನ್ನು ಇಟ್ಟುಕೊಂಡರೆ ಅಪರಾಧವೇನೂ ಇಲ್ಲ. ಪರಿಮಾಣವು ಅವನವನ ಅಗತ್ಯಕ್ಕೆ ತಕ್ಕದ್ದು. ಕೊರತೆ ಕಾಣದವನು ಮಿಕ್ಕದ್ದನ್ನು ಗೋಡೆಯ ಮೇಲೆ ಧೂಳು ಹಿಡಿಯಲು ಬಿಡದೆ ಬೇಕಾದವರಿಗೆ ಕೊಡಲಿ. ದೂರದ ಶಾಲೆಗೆ ನಡೆದುಹೋಗುವ ಮಕ್ಕಳು ಎಲ್ಲ ಊರುಗಳಲ್ಲಿಯೂ ಇದ್ದಾರೆ.

ಹೊಸದಾಗಿ ಕೊಳ್ಳುವವನು ಅಂಗಡಿಗೆ ಹೋಗುವ ಮೊದಲು ನಾಲ್ಕು ಅಂಶಗಳನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು: ಸಂಖ್ಯೆ ಎಷ್ಟು, ಬೆಲೆಯ ಮೇಲಿನ ಮಿತಿ ಎಷ್ಟು, ಅದರ ಜೊತೆಗೆ ಸೇರುವ ಗಾಲಿ ಮೊದಲಾದವು ಎಷ್ಟು, ಈ ವಸ್ತುವಿನಿಂದ ತಾನು ಮಾಡದಿರುವ ಕೆಲಸ ಯಾವುದು. ಮೊದಲ ಮೂರನ್ನು ಎಲ್ಲರೂ ಬರೆದಾರು. ನಾಲ್ಕನೆಯದನ್ನು ಬರೆಯುವಾಗ ಕೈ ತಡೆಯುತ್ತದೆ. ಯಾವ ಇಳಿಜಾರಿನಲ್ಲಿ ಇಳಿದು ನಡೆಯುವೆನು, ಯಾವ ಗುಂಪಿನಲ್ಲಿ ಹಿಂದುಳಿಯಲು ಒಪ್ಪುವೆನು, ಯಾವ ತಿಂಗಳಿನಲ್ಲಿ ಯಾವ ದಾರಿಯನ್ನು ಬಿಡುವೆನು ಎಂದು ಬರೆದು ಅದರಂತೆ ನಡೆದವನ ಪಾಲಿಗೆ ಒಂ��ು ಸೈಕಲ್ ನಿಜವಾಗಿಯೂ ಒಂದೇ ಸೈಕಲ್ ಆಗಿರುತ್ತದೆ.